28 ವರ್ಷದ ಮೇಲೆ ಮತ್ತೆ ಒಂದು ವಿಮಾನ: ಮಿಗ್-21 ಕಿಟ್ ಕಟ್ಟಿದ ದಿನಚರಿ

ನಾನು ಕೊನೆಯ ಸಲ ಪ್ಲಾಸ್ಟಿಕ್ ವಿಮಾನದ ಕಿಟ್ ಕಟ್ಟಿದ್ದು 1997ರ ಎಸ್ಸೆಸ್ಸೆಲ್ಸಿ ರಜೆಯಲ್ಲಿ. ಚಿಕ್ಕಪ್ಪ ಬೆಂಗಳೂರಿನಿಂದ ತಂದುಕೊಟ್ಟಿದ್ದ ಏರ್‌ಫಿಕ್ಸ್ ಕಂಪನಿಯ ಸ್ಪಿಟ್‌ಫೈರ್ ಯುದ್ಧವಿಮಾನ. ರೆಕ್ಕೆ ತುಂಬ ಅಂಟಿನ ಬೆರಳಚ್ಚು ಬಿದ್ದಿದ್ದರೂ ಮೂರು ವರ್ಷ ಟಿವಿ ಮೇಲೆ ಕೂತಿತ್ತು. ಆಮೇಲೆ ಡಿಪ್ಲೊಮಾ, ಕೆಲಸ, ಮದುವೆ, ಮಗಳು. ಈ ಕಡೆ ತಿರುಗಿ ನೋಡಿರಲಿಲ್ಲ.

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ನಮ್ಮ ವಾಯುಪಡೆ ಮಿಗ್-21ಕ್ಕೆ ಬೀಳ್ಕೊಡುಗೆ ಕೊಟ್ಟಿತಲ್ಲ, ಅದನ್ನು ಅಪ್ಪನ ಜೊತೆ ಕೂತು ಟಿವಿಯಲ್ಲಿ ನೋಡಿದೆ. 1963ರಲ್ಲಿ ಬಂದ ವಿಮಾನ, 62 ವರ್ಷ ಹಾರಿದೆ. ಐದು ದಿನ ಬಿಟ್ಟು ಆಯುಧಪೂಜೆ. ಅಪ್ಪ ಇಲ್ಲೇ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಕೆಲಸ ಮಾಡಿದವರು. ಪ್ರತಿ ವರ್ಷ ಆ ದಿನ ಅವರ ಹಳೇ ತಗಡಿನ ಡಬ್ಬಿ ಹೊರಗೆ ಬರುತ್ತದೆ, ಕುಂಕುಮ ಹಚ್ಚಿಸಿಕೊಂಡು ಮತ್ತೆ ಬೀರುವಿನೊಳಗೆ ಹೋಗುತ್ತದೆ. ಮೂರು ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು, ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್‌ಗಳು. ಈ ಸಲ ನಾನು ಅದನ್ನು ಒಳಗಿಡಲು ಬಿಡಲಿಲ್ಲ. ಅಕ್ಟೋಬರ್ 3ಕ್ಕೆ ಕಿಟ್ ತರಿಸಲು ಹಣ ಕಟ್ಟಿದೆ.

ಕಿಟ್, ಅಂಟು, ಬಣ್ಣ, ವಿಮಾನದ ಮೈ ಮೇಲಿನ ಗುರುತು ಅಂಟಿಸುವ ಡೆಕಲ್ ಕಾಗದ ಮಾತ್ರ ಕೊರಿಯರ್‌ನಲ್ಲಿ ಬಂದವು. ಮಿಕ್ಕಿದ್ದನ್ನೆಲ್ಲ ತುಮಕೂರಿನಲ್ಲೇ ಹುಡುಕಿದೆ. ಅದರಲ್ಲಿ ಕೆಲವು ಚೆನ್ನಾಗಿ ಕೆಲಸಕ್ಕೆ ಬಂದವು, ಕೆಲವು ಕಿಟ್ ಹಾಳು ಮಾಡಿದವು. ನಮ್ಮ ಊರಿನಂಥ ಊರಲ್ಲಿ ಶುರು ಮಾಡುವವರಿಗೆ ಈ ಲೆಕ್ಕ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಅಕ್ಟೋಬರ್ 12, ಭಾನುವಾರ

ಡಬ್ಬ ಬಿಚ್ಚಿದೆ. 1:72 ಅಳತೆಯ ಮಿಗ್-21 ಬಿಸ್. ಅಂದರೆ ಆರಡಿ ಮನುಷ್ಯ ಒಂದು ಇಂಚು ಆಗುವ ಲೆಕ್ಕ. ನಿಜವಾದ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 7.15 ಮೀಟರ್, ಇದರಲ್ಲಿ 99 ಮಿಲಿಮೀಟರ್ ಇರಬೇಕು. ಸ್ಕೇಲ್ ಇಟ್ಟು ನೋಡಿದೆ, ಸರಿಯಾಗಿದೆ. ಬಿಸ್ ಆರಿಸಿಕೊಂಡಿದ್ದಕ್ಕೆ ಕಾರಣ, ಇದು ನಾಸಿಕ್‌ನ ಎಚ್‌ಎಎಲ್‌ನಲ್ಲಿ ನಮ್ಮವರೇ ತಯಾರಿಸಿದ ಮಾದರಿ.

ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಪ್ರೂ ಅಂತಾರೆ. ಅದನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿದೆ. ಅಚ್ಚಿನಿಂದ ತೆಗೆಯಲು ಹಚ್ಚಿದ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಹುಡುಗನಾಗಿದ್ದಾಗ ಇದು ಗೊತ್ತೇ ಇರಲಿಲ್ಲ.

ಮೊದಲ ತಪ್ಪು ಇವತ್ತೇ ಆಯಿತು. ಮೂಗಿನ ತುದಿಗೆ ಉದ್ದ ಕಡ್ಡಿಯಂಥ ಪೀಟೋ ಕೊಳವೆ ಇರುತ್ತದೆ, ಗಾಳಿಯ ವೇಗ ಅಳೆಯುವುದಕ್ಕೆ. ಅದನ್ನು ಉಗುರು ಕತ್ತರಿಸುವ ಕಟರ್‌ನಲ್ಲಿ ಬಿಡಿಸಲು ಹೋದೆ. ಕಟರ್ ಎರಡೂ ಕಡೆಯಿಂದ ಹಿಸುಕುತ್ತದೆ, ಪಟ್ ಅಂತ ಮುರಿಯಿತು. ಸಣ್ಣ ಭಾಗಗಳನ್ನು ಹರಿತವಾದ ಬ್ಲೇಡಿನಲ್ಲಿ, ಅದೂ ಭಾಗದಿಂದ ದೂರಕ್ಕೆ ಮೊದಲು ಕೊಯ್ದು, ಆಮೇಲೆ ಉಳಿದ ಮೊಟಕನ್ನು ತೆಳ್ಳಗೆ ಹೆರೆಯಬೇಕು. ಮುರಿದ ಕೊಳವೆಯನ್ನು ಅಂಟಿಸಿದೆ, ಮರುದಿನ ಮತ್ತೆ ಮುರಿಯಿತು.

ಅಕ್ಟೋಬರ್ 18 ಮತ್ತು 19

ಕಾಕ್‌ಪಿಟ್. ಏಳು ತುಂಡು, ಎರಡು ಸಂಜೆ. ಅಪ್ಪನ ಚಿಮಟದ ಬೆಲೆ ಇಲ್ಲಿ ಗೊತ್ತಾಯಿತು. ಅಂಗಡಿಯಲ್ಲಿ ಸಿಗುವ ಚಿಮಟದ ತುದಿ ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲ, ಭಾಗ ಜಾರಿ ಮೂಲೆಗೆ ಹಾರುತ್ತದೆ. ಇದರ ತುದಿ ಬೆಳಕಿಗೆ ಹಿಡಿದರೂ ಸಂದು ಕಾಣುವುದಿಲ್ಲ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನನ್ನ ಕೈ ನಡುಗುವುದನ್ನು ನೋಡಿ, "ಮಣಿಕಟ್ಟು ಟೇಬಲ್‌ಗೆ ಒರಗಿಸೋ. ಉಸಿರು ಬಿಟ್ಟಮೇಲೆ ಇಡು, ತಗೊಳ್ಳುವಾಗ ಇಡಬೇಡ" ಅಂದರು. ಆ ಎರಡು ಮಾತಿನಿಂದ ಅರ್ಧ ಕಷ್ಟ ಕಮ್ಮಿಯಾಯಿತು.

ಮೂಗಿಗೆ ಭಾರ ಹಾಕಬೇಕು, ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ಸೀಸ ಎಲ್ಲಿ ಹುಡುಕುವುದು? ಶಿರಾ ಗೇಟ್ ಹತ್ತಿರ ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸ್ ಮಾಡುವಾಗ ಹಾಕುವ ತೂಕದ ತುಂಡು ಕೇಳಿದೆ. "ಯಾತಕ್ಕೆ ಸಾರ್ ಇದು?" ಅಂದ ಹುಡುಗ. ಫೋನಿನಲ್ಲಿ ಮಿಗ್ ಫೋಟೋ ತೋರಿಸಿದೆ. ಒಂದು ಹಿಡಿ ಹಳೇ ತುಂಡು ಕೊಟ್ಟ, ದುಡ್ಡು ಬೇಡ ಅಂದ.

ಮನೆಗೆ ಬಂದು ಕತ್ತರಿಸಲು ಕೂತರೆ ಕಟಿಂಗ್ ಪ್ಲೇಯರ್ ಬಾಯಿಗೇ ಕಚ್ಚು ಬಿತ್ತು. ಈಗಿನ ಅಂಟಿಸುವ ತೂಕಗಳಲ್ಲಿ ಬಹಳಷ್ಟು ಕಬ್ಬಿಣದವು. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಹಿಡಿದು ನೋಡಿದೆ. ಹಿಡಿದುಕೊಂಡವನ್ನು ಪಕ್ಕಕ್ಕಿಟ್ಟೆ. ಹಿಡಿಯದೆ ಉಳಿದ, ರಿಮ್ಮಿಗೆ ಕ್ಲಿಪ್ ಹಾಕುವ ಹಳೇ ಥರದ್ದು ಎರಡು ಸಿಕ್ಕವು. ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ, ಅದು ಸೀಸ. ಸೀಸ ಮುಟ್ಟಿದ ಮೇಲೆ ಕೈಯನ್ನು ಸೋಪಿನಲ್ಲಿ ತೊಳೆಯಲೇಬೇಕು. ಮಗಳನ್ನು ಈ ಕೆಲಸದ ಹತ್ತಿರ ಬಿಡಲಿಲ್ಲ.

ಇನ್ನೊಂದು ವಿಷಯ ಮೊದಲೇ ಓದಿಕೊಂಡಿದ್ದೆ, ಅದು ನನ್ನನ್ನು ಕಾಪಾಡಿತು. ಸೀಸವನ್ನು ಮರಕ್ಕೆ ಹಾಕುವ ಬಿಳಿ ಅಂಟಿನಲ್ಲಿ ಕೂರಿಸಬಾರದು. ಎರಡಕ್ಕೂ ಆಗಿಬರುವುದಿಲ್ಲ. ವರ್ಷಗಳು ಹೋದಂತೆ ಸೀಸ ಹಿಗ್ಗಿ ವಿಮಾನದ ಮೈಯನ್ನೇ ಸೀಳುತ್ತದೆ. ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಹಾಕಿದೆ.

ಅಕ್ಟೋಬರ್ 26, ಭಾನುವಾರ

ದೀಪಾವಳಿ ಗಲಾಟೆ ಮುಗಿಯಿತು. ಮೈಯ ಎರಡು ಹೋಳು ಕೂಡಿಸುವ ದಿನ.

ಮೊದಲು ಅಂಟಿಲ್ಲದೆ ಟೇಪ್ ಸುತ್ತಿ, ರೆಕ್ಕೆ ಸಿಕ್ಕಿಸಿ, ದೊಡ್ಡ ಚಕ್ರಗಳು ಬರುವ ಜಾಗಕ್ಕೆ ಪೆನ್ಸಿಲ್ ಅಡ್ಡ ಇಟ್ಟು ತೂಗಿ ನೋಡಿದೆ. ಕಾಕ್‌ಪಿಟ್ ಹಿಂದೆ 4 ಗ್ರಾಂ ಸೀಸ ಹಾಕಿದರೆ ಮೂಗು ಕೆಳಗೆ ಬಾಗಿತು. ಸಾಕು ಅಂದುಕೊಂಡು ಮುಚ್ಚಿದೆ. ಇದು ಇಡೀ ಕೆಲಸದ ದೊಡ್ಡ ತಪ್ಪು, ಮುಂದೆ ಹೇಳುತ್ತೇನೆ.

ಈಗಿನ ಅಂಟು ನೀರಿನಂತೆ ತೆಳ್ಳಗಿದೆ, ಮುಚ್ಚಳದಲ್ಲೇ ಕುಂಚ ಇರುತ್ತದೆ. ಹೋಳುಗಳನ್ನು ಕೂಡಿಸಿ ಹಿಡಿದುಕೊಂಡು ಸಂದಿಗೆ ಕುಂಚ ತಾಗಿಸಿದರೆ ಸಾಕು, ತಾನೇ ಸಂದಿನೊಳಗೆ ಹರಿದುಹೋಗುತ್ತದೆ. ಹಳೇ ಟ್ಯೂಬ್ ಅಂಟಿನ ಹಾಗೆ ನೂಲು ಎಳೆಯುವುದಿಲ್ಲ. ಆದರೆ ನಿಮ್ಮ ಬೆರಳು ಸಂದಿನ ಮೇಲಿದ್ದರೆ ಅಂಟು ಬೆರಳಿನಡಿಗೂ ಹರಿಯುತ್ತದೆ. ಬಾಲದ ಎಡಕ್ಕೆ ನನ್ನ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದ ಹಾಗೆ ಕೂತವು. 1997ರ ಸ್ಪಿಟ್‌ಫೈರ್ ನೆನಪಾಯಿತು. ಒರೆಸಲು ಹೋಗಬೇಡಿ, ಇನ್ನೂ ಕೆಡುತ್ತದೆ. ಎರಡು ದಿನ ಬಿಟ್ಟು ಒಣಗಿದ ಮೇಲೆ 600 ನಂಬರ್ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಿದೆ, ಹೋಯಿತು.

ನವೆಂಬರ್ 1, ಶನಿವಾರ

ರಾಜ್ಯೋತ್ಸವದ ರಜೆ. ಸಂದು ತುಂಬಿದ್ದು. ಹೊಟ್ಟೆಯ ಉದ್ದಕ್ಕೂ ಅರ್ಧ ಮಿಲಿಮೀಟರ್ ಸಂದು ಉಳಿದಿತ್ತು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಎನ್‌ಸಿ ಪುಟ್ಟಿ ಮಂಡಿಪೇಟೆಯಲ್ಲಿ ₹85ಕ್ಕೆ ಸಿಕ್ಕಿತು. ಒಂದೇ ಸಲಕ್ಕೆ ದಪ್ಪಗೆ ತುಂಬಿದೆ. ಮೇಲೆ ಒಣಗಿದ ಹಾಗೆ ಕಂಡಿತು, ತಿಕ್ಕಿ ನಯ ಮಾಡಿದೆ. ಎರಡು ದಿನಕ್ಕೆ ಅದು ಒಳಗೆ ಸೊರಗಿ ಕಾಲುವೆ ಥರ ಗುಳಿ ಬಿತ್ತು. ಪುಟ್ಟಿಯಲ್ಲಿರುವ ಥಿನ್ನರ್ ಅಂಚಿನ ಪ್ಲಾಸ್ಟಿಕ್ಕನ್ನೂ ಸ್ವಲ್ಪ ತಿಂದಿತ್ತು.

ಎರಡನೆಯ ದಾರಿ ಚೆನ್ನಾಗಿ ಬಂತು. ಸ್ಪ್ರೂ ಕಡ್ಡಿಯನ್ನು ಅಕ್ಕಿ ನುಚ್ಚಿನಷ್ಟು ಸಣ್ಣಗೆ ಕತ್ತರಿಸಿ, ಹಳೇ ನೇಲ್‌ಪಾಲಿಷ್ ಬಾಟಲಿ ತೊಳೆದು ಒಣಗಿಸಿ ಅದಕ್ಕೆ ಹಾಕಿ, ಮುಳುಗುವಷ್ಟು ಇದೇ ತೆಳು ಅಂಟು ಹುಯ್ದೆ. ರಾತ್ರಿ ಕಳೆಯುವಷ್ಟರಲ್ಲಿ ಜೇನುತುಪ್ಪದ ಹದಕ್ಕೆ ಬಂದಿತ್ತು. ಅದನ್ನು ಸಂದಿಗೆ ಹಚ್ಚಿ ಒಂದು ವಾರ ಬಿಟ್ಟರೆ ಅದೂ ವಿಮಾನದ್ದೇ ಪ್ಲಾಸ್ಟಿಕ್ ಆಗಿಬಿಡುತ್ತದೆ, ತಿಕ್ಕಿದರೆ ಗುರುತೇ ಸಿಗುವುದಿಲ್ಲ. ಒಂದು ವಾರ ಅಂದರೆ ನಿಜವಾಗಿಯೂ ಒಂದು ವಾರ. ಪುಟ್ಟಿ ಈಗ ಸಣ್ಣ ಗೀರುಗಳಿಗೆ ಮಾತ್ರ, ಅದೂ ತೆಳ್ಳಗೆ ಎರಡು ಮೂರು ಸಲ.

ನವೆಂಬರ್ 9, ಭಾನುವಾರ

ಹಿಂದಿನ ಅಡ್ಡರೆಕ್ಕೆ, ಹೊಗೆ ಬಿಡುವ ಕೊಳವೆ, ಚಕ್ರದ ಕಾಲುಗಳು, ಎಲ್ಲ ಅಂಟಿಸಿದೆ. ಸಂಜೆ ಮೇಜಿನ ಮೇಲೆ ನಿಲ್ಲಿಸಿದೆ. ಮೂಗು ನಿಧಾನಕ್ಕೆ ಮೇಲೆದ್ದು ಬಾಲದ ಮೇಲೆ ಕೂತಿತು. ಮಗಳು "ಅಪ್ಪಾ, ಟೇಕಾಫ್ ಆಗ್ತಿದೆ" ಅಂತ ಚಪ್ಪಾಳೆ ಹೊಡೆದಳು. ನನಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಎಲ್ಲಿ ತಪ್ಪಿದೆ ಅಂತ ಕೂತು ಯೋಚಿಸಿದೆ. ಪೆನ್ಸಿಲ್ ಮೇಲೆ ತೂಗುವಾಗ ಹಿಂದಿನ ಅಡ್ಡರೆಕ್ಕೆಗಳನ್ನೂ ಹೊಗೆ ಕೊಳವೆಯನ್ನೂ ಸಿಕ್ಕಿಸಿಯೇ ಇರಲಿಲ್ಲ. ಅವು ಒಂದೆರಡು ಗ್ರಾಂ ಇದ್ದರೂ ಚಕ್ರದಿಂದ ತುಂಬ ಹಿಂದಕ್ಕಿವೆ. ನಾನು ಹಾಕಿದ ಸೀಸ ಚಕ್ರಕ್ಕೆ ಹತ್ತಿರ ಇತ್ತು. ತಕ್ಕಡಿಯಲ್ಲಿ ಕೈ ಉದ್ದ ಇದ್ದ ಕಡೆ ಕಮ್ಮಿ ತೂಕವೂ ಜಾಸ್ತಿ ಎಳೆಯುತ್ತದೆ ಅಲ್ವಾ, ಅದೇ.

ಮೂಗಿನ ತುದಿಯ ಉಂಗುರ ಮತ್ತು ಅದರೊಳಗಿನ ಶಂಕು ಇನ್ನೂ ಅಂಟಿಸಿರಲಿಲ್ಲ, ಅದೊಂದೇ ದಾರಿ ಉಳಿದಿತ್ತು. ಮಿಗ್-21ರ ಬಾಯಿ ತೆರೆದ ಕೊಳವೆ, ಮಧ್ಯದಲ್ಲಿ ಚೂಪಾದ ಶಂಕು. ಆ ಶಂಕು ಟೊಳ್ಳು. ಅದರೊಳಗೆ ಸೀಸದ ಚೂರು ತುರುಕಿ ಅರಾಲ್ಡೈಟ್ ತುಂಬಿದೆ, 2 ಗ್ರಾಂ ಹಿಡಿಯಿತು. ಬಾಯಿಯ ಮೂಲಕ ಚಿಮಟದಲ್ಲಿ ಒಂದೊಂದೇ ಚೂರು ಹಿಡಿದು ಗೋಡೆಯ ಸುತ್ತ ಅಂಟಿಸುತ್ತಾ ಇನ್ನು 3 ಗ್ರಾಂ. ಒಟ್ಟು 9 ಗ್ರಾಂ ಆಯಿತು. ಈ ಕೆಲಸ ಅಪ್ಪನೇ ಮಾಡಿದರು. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು, 74ರ ವಯಸ್ಸಿನಲ್ಲಿ, ಒಂದು ಚೂರೂ ಬೀಳಿಸದೆ ಮುಕ್ಕಾಲು ಗಂಟೆ. ನಾನು ಟಾರ್ಚ್ ಹಿಡಿದಿದ್ದೆ. ಮರುದಿನ ನಿಲ್ಲಿಸಿದರೆ ಮೂರು ಚಕ್ರದ ಮೇಲೂ ಕೂತಿತು. ಮೂಗನ್ನು ಬೆರಳಿನಲ್ಲಿ ಎತ್ತಿ ಬಿಟ್ಟರೂ ವಾಪಸ್ ಇಳಿಯುತ್ತದೆ.

ತೂಗುವಾಗ ಬಾಲದ ಕಡೆಯ ಪ್ರತಿ ತುಂಡನ್ನೂ ಟೇಪ್‌ನಲ್ಲಿ ಹಚ್ಚಿಯೇ ತೂಗಿ. ಸೀಸವನ್ನು ಎಷ್ಟು ಮುಂದಕ್ಕೆ ಆಗುತ್ತೋ ಅಷ್ಟು ಮುಂದಕ್ಕೆ ಹಾಕಿ. ಬೇಕಾದ್ದಕ್ಕಿಂತ ಒಂದು ಗ್ರಾಂ ಜಾಸ್ತಿಯೇ ಇರಲಿ.

ನವೆಂಬರ್ 16, ಭಾನುವಾರ

ಕಾಕ್‌ಪಿಟ್‌ನ ಗಾಜು. ರಾತ್ರಿ ಹತ್ತೂವರೆ ಆಗಿತ್ತು, ಬೇಗ ಮುಗಿಸೋಣ ಅಂತ ಮನೆಯಲ್ಲಿದ್ದ ಸೂಪರ್ ಗ್ಲೂ ಹನಿ ಹಾಕಿ ಅಂಟಿಸಿ, ಧೂಳು ಬೀಳದಿರಲಿ ಅಂತ ಡಬ್ಬದಲ್ಲಿ ಮುಚ್ಚಿಟ್ಟೆ. ಬೆಳಗ್ಗೆ ನೋಡಿದರೆ ಗಾಜಿನ ಒಳಗಡೆ ಬಿಳಿ ಮಂಜು. ಸೂಪರ್ ಗ್ಲೂ ಒಣಗುವಾಗ ಏಳುವ ಹಬೆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಹೀಗೆ ಕೂರುತ್ತದೆ. ಮುಚ್ಚಿಟ್ಟಿದ್ದರಿಂದ ಹಬೆಗೆ ಹೋಗಲು ಜಾಗವೇ ಇರಲಿಲ್ಲ.

ಬಿಡಿಸಿದ್ದು ಹೀಗೆ. ಇಡೀ ವಿಮಾನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟೆ. ತಣ್ಣಗಾದರೆ ಸೂಪರ್ ಗ್ಲೂ ಪೆಡಸಾಗುತ್ತದೆ. ತೆಗೆದ ತಕ್ಷಣ ಬ್ಲೇಡಿನ ಬೆನ್ನನ್ನು ಅಂಚಿಗೆ ಕೊಟ್ಟು ಮೆಲ್ಲಗೆ ಒತ್ತಿದೆ, ಟಕ್ ಅಂತ ಬಂತು. ಗಾಜಿನ ಒಳಮೈಯನ್ನು 2000 ನಂಬರ್ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಿ, ಆಮೇಲೆ ಹತ್ತಿ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಇಪ್ಪತ್ತು ನಿಮಿಷ ಉಜ್ಜಿದೆ. ಮುಕ್ಕಾಲು ಪಾಲು ತಿಳಿಯಾಯಿತು. ಹಿಂದಿನ ಮೂಲೆಯಲ್ಲಿ ಸ್ವಲ್ಪ ಮಬ್ಬು ಉಳಿದಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ಎರಡನೇ ಸಲ ಅಂಟಿಸಿದ್ದು ಶಾಲೆಯ ಮಕ್ಕಳು ಬಳಸುವ ಬಿಳಿ ಅಂಟಿನಲ್ಲಿ. ಸೀಸಕ್ಕೆ ಆಗದ ಅಂಟು ಗಾಜಿಗೆ ಹೇಳಿ ಮಾಡಿಸಿದಂತಿದೆ. ಒಣಗಿದರೆ ಕಾಣುವುದಿಲ್ಲ, ಹಬೆ ಇಲ್ಲ, ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ನವೆಂಬರ್ 22ರಿಂದ 30

ಬಣ್ಣ. ಬೆಳ್ಳಿ ಬಣ್ಣದ ಮಿಗ್ ಮಾಡುವ ಆಸೆಯಿತ್ತು, 1971ರ ಯುದ್ಧದ ಫೋಟೋಗಳಲ್ಲಿ ಕಾಣುವ ಹಾಗೆ. ಆದರೆ ಅದು ಬೇರೆ ಮಾದರಿ, ಬಿಸ್ ಬಂದಿದ್ದು ಆಮೇಲೆ. ಅಲ್ಲದೆ ಬೆಳ್ಳಿ ಬಣ್ಣದಡಿ ಕೂದಲಿನಷ್ಟು ಗೀರಿದ್ದರೂ ಎದ್ದು ಕಾಣುತ್ತದೆ. ನನ್ನ ತಿಕ್ಕುವ ಕೈ ಇನ್ನೂ ಅಷ್ಟು ಪಳಗಿಲ್ಲ. ತಿಳಿ ಬೂದು ಬಣ್ಣಕ್ಕೆ ಒಪ್ಪಿಕೊಂಡೆ.

ಬಿ.ಎಚ್. ರಸ್ತೆಯ ಗಾಡಿ ಬಣ್ಣದ ಅಂಗಡಿಯಿಂದ ಬೂದು ಪ್ರೈಮರ್ ಸ್ಪ್ರೇ ತಂದೆ, ₹290. ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿದೆ, ಸರಿಯಾಗಿತ್ತು. ವಿಮಾನದ ಮೇಲೆ 30 ಸೆಂಟಿಮೀಟರ್ ದೂರದಿಂದ ತೆಳ್ಳಗೆ ಹೊಡೆಯುತ್ತಾ ಬಂದೆ. ಎಡ ರೆಕ್ಕೆಯ ಕೆಳಗೆ ಮಾತ್ರ ಕೈ ಹತ್ತಿರ ಹೋಗಿ ಒಂದೇ ಕಡೆ ನಿಂತಿತು. ಅಲ್ಲಿ ಹಾಲಿನ ಕೆನೆ ಥರ ಸುಕ್ಕು ಕಟ್ಟಿತು. ಮೂರು ದಿನ ಒಣಗಿಸಿ 1000 ನಂಬರಿನಲ್ಲಿ ತಿಕ್ಕಿ ಮತ್ತೆ ಹೊಡೆದೆ. ಅಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಕೊರೆದಿದ್ದ, ತಗಡಿನ ಜೋಡಣೆ ತೋರಿಸುವ ಗೆರೆಗಳು ಅರ್ಧ ಅಳಿಸಿಹೋದವು.

ಮೇಲಿನ ಬೂದು ಅಕ್ರಿಲಿಕ್ ಬಣ್ಣ ಕುಂಚದಲ್ಲೇ ಹಾಕಿದ್ದು. ಬಾಟಲಿಯಿಂದ ನೇರ ಹಾಕಿದೆ, ಗೋಡೆಗೆ ಸುಣ್ಣ ಬಳಿದ ಹಾಗೆ ಗೆರೆ ಗೆರೆ ಬಂತು. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿತ್ತು, ಹತ್ತಿಯಲ್ಲಿ ಅದ್ದಿ ಒರೆಸಿದರೆ ಆ ಬಣ್ಣ ಪೂರ್ತಿ ಬಂತು. ಪ್ರೈಮರ್ ಅಲ್ಲಲ್ಲಿ ಮೆತ್ತಗಾಯಿತು, ಒಂದು ದಿನ ಬಿಟ್ಟ ಮೇಲೆ ಗಟ್ಟಿಯಾಯಿತು. ಎರಡನೇ ಸಲ ಬಣ್ಣಕ್ಕೆ ಹನಿ ಹನಿ ನೀರು ಸೇರಿಸಿ ಹಾಲಿನ ಹದಕ್ಕೆ ತಂದು, ಅಗಲ ಕುಂಚದಲ್ಲಿ ನಾಲ್ಕು ಸಲ, ಪ್ರತಿ ಸಲಕ್ಕೂ ಎರಡು ಗಂಟೆ ಬಿಡುವು. ಮೊದಲ ಎರಡು ಸಲ ನೋಡಿದರೆ ಹಾಳಾಯಿತು ಅನ್ನಿಸುತ್ತದೆ, ಕೆಳಗಿನ ಬಣ್ಣ ತೇಪೆ ತೇಪೆಯಾಗಿ ಕಾಣುತ್ತದೆ. ಅಲ್ಲಿ ನಿಲ್ಲಿಸಬೇಡಿ. ನಾಲ್ಕನೆಯದಕ್ಕೆ ಒಂದೇ ಸಮ ಆಯಿತು.

ಡಿಸೆಂಬರ್ 7, ಭಾನುವಾರ

ಕಿಟ್‌ನಲ್ಲಿ ಬಂದಿದ್ದು ಸೋವಿಯತ್ ಕೆಂಪು ನಕ್ಷತ್ರದ ಡೆಕಲ್. ನನಗೆ ಬೇಕಾದ್ದು ನಮ್ಮ ಕೇಸರಿ, ಬಿಳಿ, ಹಸಿರಿನ ವೃತ್ತ. ನೀರಿನಲ್ಲಿ ನೆನೆಸಿ ಜಾರಿಸುವ ಡೆಕಲ್ ಕಾಗದ ತರಿಸಿ, ಪರಿಚಯದ ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಹಾಕಿಸಿದೆ. ಪಾರದರ್ಶಕ ಕಾಗದದ ಮೇಲೆ ಹಾಕಿಸಿದ್ದು ತಪ್ಪು. ಪ್ರಿಂಟರ್ ಬಿಳಿಯನ್ನು ಅಚ್ಚು ಹಾಕುವುದೇ ಇಲ್ಲವಲ್ಲ, ಬಿಳಿ ಉಂಗುರದ ಜಾಗದಲ್ಲಿ ಬೂದು ಮೈ ಕಂಡಿತು. ಬಿಳಿ ಕಾಗದದ ಮೇಲೆ ಮತ್ತೆ ಹಾಕಿಸಿದೆ.

ಈಗ ವೃತ್ತವನ್ನು ಅಂಚಿಗೇ ಕತ್ತರಿಸಬೇಕು. ಕತ್ತರಿಯಲ್ಲಿ ಆರು ಹಾಳಾದವು. ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಬೆಲ್ಟಿಗೆ ತೂತು ಹೊಡೆಯುವ ಪಂಚ್‌ಗಳ ಸಾಲೇ ಇದೆ. 8 ಮಿಲಿಮೀಟರಿನದು ನನ್ನ ವೃತ್ತಕ್ಕೆ ಸರಿಯಾಯಿತು. ಕಾಗದದ ಕೆಳಗೆ ಚರ್ಮದ ತುಂಡಿಟ್ಟು ಒಂದೇ ಏಟು ಹಾಕಿದರು, ಅಂಚು ದುಂಡಗೆ ಬಂತು. ಹತ್ತು ಹೊಡೆಸಿಕೊಂಡೆ. ದುಡ್ಡು ತೆಗೆದುಕೊಳ್ಳಲಿಲ್ಲ, ಟೀ ಕುಡಿಸಿದೆ.

ಡೆಕಲ್ ಹಾಕುವ ಮೊದಲು ಹೊಳಪಿನ ವಾರ್ನಿಷ್ ಇರಲೇಬೇಕು. ಒರಟು ಮೈ ಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಮುದ್ರಿಸಿದ ಕಾಗದದ ಮೇಲೂ ಮೊದಲು ವಾರ್ನಿಷ್ ಹೊಡೆದು ಒಣಗಿಸಿದ್ದೆ.

ಡಿಸೆಂಬರ್ 14 ಮತ್ತು 20

ಕೊನೆಯ ಮ್ಯಾಟ್, ಅಂದರೆ ಹೊಳಪಿಲ್ಲದ ವಾರ್ನಿಷ್. ಕೆಲಸದ ದಿನಗಳ ಅಭ್ಯಾಸದಂತೆ ಭಾನುವಾರವೂ ಬೆಳಗ್ಗೆ ಆರೂವರೆಗೆ ಎದ್ದು ಟೆರೇಸ್ ಮೇಲೆ ಹೊಡೆದೆ. ದೇವರಾಯನದುರ್ಗದ ಕಡೆ ಏನೂ ಕಾಣದಷ್ಟು ಮಂಜಿತ್ತು. ಐದು ನಿಮಿಷಕ್ಕೆ ಬಲ ರೆಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಗಾಳಿಯಲ್ಲಿನ ತೇವ ವಾರ್ನಿಷ್‌ನಲ್ಲಿ ಸಿಕ್ಕಿಕೊಂಡಿತ್ತು.

ಆರು ದಿನ ಮುಟ್ಟಲಿಲ್ಲ. 20ರ ಶನಿವಾರ ಮಧ್ಯಾಹ್ನ ಎರಡಕ್ಕೆ, ಒಳ್ಳೇ ಬಿಸಿಲಿನಲ್ಲಿ, ಹೊಳಪಿನ ವಾರ್ನಿಷ್ ತೆಳ್ಳಗೆ ಒಂದು ಸಲ ಹೊಡೆದೆ. ಬಿಳುಪು ಕಣ್ಣೆದುರೇ ಕರಗಿತು. ಒಂದು ಗಂಟೆ ಬಿಟ್ಟು ಮ್ಯಾಟ್. ಡಿಸೆಂಬರಿನಲ್ಲಿ ನಮ್ಮ ಕಡೆ ಸ್ಪ್ರೇ ಕೆಲಸ ಹನ್ನೊಂದರಿಂದ ಮೂರರ ಒಳಗೆ ಮುಗಿಸಿಬಿಡಬೇಕು.

ಡಿಸೆಂಬರ್ 21, ಭಾನುವಾರ

ಪೀಟೋ ಕೊಳವೆ ಮೂರನೇ ಸಲ ಮುರಿದಿದ್ದು ಬಣ್ಣದ ದಿನವೇ. ಪ್ಲಾಸ್ಟಿಕ್ಕಿನದನ್ನು ಬಿಟ್ಟೆ. ಮೆಡಿಕಲ್ ಸ್ಟೋರಿನಿಂದ 26 ನಂಬರಿನ ಇಂಜೆಕ್ಷನ್ ಸೂಜಿ ಎರಡು, ₹10. ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ. ಚೂಪು ತುದಿಯನ್ನು ಅರದಲ್ಲಿ ತಿಕ್ಕಿ ಮೊಂಡು ಮಾಡಿ, ಬುಡ ಕತ್ತರಿಸಿ, ಮೂಗಿನ ಮೇಲ್ಗಡೆ ಸ್ವಲ್ಪ ಬಲಕ್ಕೆ ತೂತು ಕೊರೆದು ಅರಾಲ್ಡೈಟ್‌ನಲ್ಲಿ ಕೂರಿಸಿದೆ. ಈಗ ಕೈ ತಾಗಿದರೂ ಮುರಿಯುವುದಿಲ್ಲ. ನಿಜವಾದ ಲೋಹದ ಹೊಳಪೂ ಬಂತು.

ಖರ್ಚು: ಕಿಟ್ ₹1,420, ಅಂಟು ₹540, ನಾಲ್ಕು ಬಾಟಲಿ ಬಣ್ಣ ₹720, ಪ್ರೈಮರ್ ₹290, ಎರಡು ವಾರ್ನಿಷ್ ಸ್ಪ್ರೇ ₹580, ಪುಟ್ಟಿ ₹85, ವಾಟರ್ ಪೇಪರ್ ₹75, ಡೆಕಲ್ ಕಾಗದ ₹320, ಪ್ರಿಂಟ್ ₹60, ಅರಾಲ್ಡೈಟ್ ₹60, ಸೂಜಿ ₹10. ಒಟ್ಟು ₹4,160. ಅಂಟು, ವಾರ್ನಿಷ್, ಬಣ್ಣ ಇನ್ನೂ ಎರಡು ಕಿಟ್‌ಗೆ ಆಗುವಷ್ಟು ಉಳಿದಿವೆ.

ಸಂಜೆ ಅಪ್ಪ ಲೆನ್ಸು ಸಿಕ್ಕಿಸಿಕೊಂಡು ಮೂಗಿನಿಂದ ಬಾಲದವರೆಗೆ ನೋಡಿದರು. ಎಡ ರೆಕ್ಕೆಯ ಸುಕ್ಕು, ಗಾಜಿನ ಮಬ್ಬು, ಎರಡನ್ನೂ ಹಿಡಿದರು. ಆಮೇಲೆ ಸ್ಕೇಲ್ ಕೇಳಿದರು. ರೆಕ್ಕೆಯ ತುದಿಯಿಂದ ಮೇಜಿಗೆ ಎಡಗಡೆ 21 ಮಿಲಿಮೀಟರ್, ಬಲಗಡೆ 22. "ಒಂದು ಕಾಲು ಗಿಡ್ಡ ಕೂತಿದೆ ಕಣೋ. ಮುಂದಿನ ಸಲ ಅಂಟು ಒಣಗೋ ಮೊದಲೇ ಎರಡೂ ಕಡೆ ಅಳೆದುಬಿಡು" ಅಂದರು. ತಗಡಿನ ಡಬ್ಬಿಯನ್ನು ವಾಪಸ್ ಬೀರುವಿಗೆ ಇಡಲು ಹೋದೆ. ಬೇಡ, ಮೇಜಿನ ಮೇಲೇ ಇರಲಿ ಅಂದರು.